ಸಿಲಬಸ್ ರಾಯರು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಸಂಸಾರಗಳಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ಪಾಠ ಹೇಳುವುದು ಅಮ್ಮ. ಯಾವ ಪಾಠ ಹೇಳಬೇಕೆಂದು ರಾತ್ರಿ ಎರಡರವರೆಗೆ ಸಂಶೋಧನೆ ನಡೆಸುವುದು ಅಪ್ಪ. ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಇಂಥ ಅಪ್ಪಂದಿರ ಸಂತತಿ ಈಚೆಗೆ ಸೊಂಪಾಗಿ ಬೆಳೆದಿದೆ. ಸಾಫ್ಟ್‌ವೇರ್ ಕೆಲಸ, ಖಾದಿ ಜುಬ್ಬ, ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟು. ಆ ಶೀಟನ್ನು ಯಾರಿಗಾದರೂ ತೋರಿಸದೆ ಅವರಿಗೆ ನಿದ್ದೆ ಬರುವುದಿಲ್ಲ. ನೋಡಿದವರಿಗೆ ಎಚ್ಚರ ಉಳಿಯುವುದಿಲ್ಲ.

ಇಂಥವರೊಬ್ಬರು ಈ ಲೇಖಕನ ಪಕ್ಕದ ಬೀದಿಯಲ್ಲೇ ಇದ್ದಾರೆ. ಬೀದಿಯವರು ಇಟ್ಟ ಹೆಸರು ಸಿಲಬಸ್ ರಾಯರು. ಹನ್ನೆರಡರ ಮಗಳು, ಎಂಟರ ಮಗ, ನಾಲ್ಕರ ಪುಟ್ಟಿ. ಮಕ್ಕಳು ಒಂದೇ ವಯಸ್ಸಿನವರಾಗಿದ್ದರೆ ಒಂದು ಸೆಟ್ ಪುಸ್ತಕ ತಂದು ಸುಮ್ಮನಾಗುತ್ತಿದ್ದರೋ ಏನೋ. ಈಗ ವಯಸ್ಸಿಗೊಂದು ಸಿದ್ಧಾಂತ. ಪುಟ್ಟಿಗೆ ಮಾಂಟೆಸ್ಸೊರಿ. ಮಗನಿಗೆ ಇಂಗ್ಲೆಂಡಿನ ಷಾರ್ಲೆಟ್ ಮೇಸನ್: ಒಣ ಪಠ್ಯಪುಸ್ತಕ ಬೇಡ, ಜೀವವಿರುವ ಪುಸ್ತಕ ಓದಿಸಿ, ಓದಿದ್ದನ್ನು ಮಗುವಿನ ಬಾಯಲ್ಲೇ ಹೇಳಿಸಬೇಕು. (ಮದುವೆ ಕರೆಯೋಲೆ ಕೊಡಲು ಹೋದವರೂ ಕಳಿಂಗ ಯುದ್ಧವನ್ನು ಪೂರ್ತಿ ಕೇಳಿಯೇ ಏಳಬೇಕು. ಅಷ್ಟರಲ್ಲಿ ಕಾಫಿ ಆರಿರುತ್ತದೆ.) ಮಗಳಿಗೆ ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ ಹೆಸರಿಟ್ಟ ಅನ್‌ಸ್ಕೂಲಿಂಗ್, ಅಂದರೆ ಮಗು ಕೇಳಿದ್ದನ್ನಷ್ಟೇ ಕಲಿಸುವುದು. ಮಗಳು ಏನನ್ನೂ ಕೇಳುವುದಿಲ್ಲವಾದ್ದರಿಂದ ರಾಯರೇ ಅವಳ ಪರವಾಗಿ ಕೇಳಿಕೊಂಡು ಪುಸ್ತಕ ತರಿಸುತ್ತಾರೆ. ಇರಲಿ ಎಂದು ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿಯ ಪುಸ್ತಕಗಳನ್ನೂ ಅಟ್ಟದ ಮೇಲೆ ಇಟ್ಟಿದ್ದಾರೆ. ಹದಿನಾಲ್ಕು ತುಂಬಿದರೆ ಮನೆಯಲ್ಲೇ ಓದಿ ಆ ಪರೀಕ್ಷೆಗೆ ಕೂರಬಹುದಲ್ಲ. ಭಕ್ತಿ ಹೋಲ್ಟ್ ಮೇಲೆ, ಭರವಸೆ ಸರ್ಕಾರದ ಮೇಲೆ.

ಬಿಟ್ಟಿ ಸಿಗುವುದೂ ರಾಯರ ಕೈಯಲ್ಲಿ ದುಬಾರಿಯಾಗುತ್ತದೆ. ಪ್ರಥಮ್ ಬುಕ್ಸ್‌ನವರು 2015ರಿಂದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ, ಕನ್ನಡದಲ್ಲೂ. ರಾಯರು ಅವನ್ನೆಲ್ಲ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಸ್ಪೈರಲ್ ಬೈಂಡ್ ಮಾಡಿಸುತ್ತಾರೆ. ಜೆರಾಕ್ಸ್ ಅಂಗಡಿಯವನು ಅವರನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಆದರೆ ಈ ಲೇಖಕನ ತಾಳ್ಮೆ ತಿಂದದ್ದು ಗುಲಾಬಿ ಗೋಪುರ. ಮಾಂಟೆಸ್ಸೊರಿ ಸಾಮಗ್ರಿಗಳಲ್ಲಿ ಬಲು ಪ್ರಸಿದ್ಧವಾದದ್ದು: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ, ಮರದ ಹತ್ತು ಘನಗಳು. ಮಗು ಒಂದರ ಮೇಲೊಂದು ಪೇರಿಸಬೇಕು. ಅಂಗಡಿಯ ಬೆಲೆ ಕೇಳಿ ಹೌಹಾರಿದ ರಾಯರು ಬಡಗಿಯಿಂದಲೇ ಮಾಡಿಸಲು ಹೊರಟರು. ಲೇಖಕನ ಬಳಿ ಸ್ಕೂಟರ್ ಇದ್ದದ್ದೇ ತಪ್ಪಾಯಿತು.

ಬಡಗಿಗೆ ಅಳತೆ ಹೇಳಿದ್ದರೆ ಸಾಕಿತ್ತು. ರಾಯರು ಚರಿತ್ರೆ ಹೇಳಿದರು. ಮಾರಿಯಾ ಮಾಂಟೆಸ್ಸೊರಿ 1939ರಲ್ಲಿ ಭಾರತಕ್ಕೆ ಬಂದದ್ದು, ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿಯಬೇಕಾಗಿ ಬಂದದ್ದು, ಕೊಡೈಕೆನಾಲಿನಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಿದ್ದು. ಬಡಗಿ ಬೀಡಿ ಆರುವವರೆಗೂ ಕೇಳಿಸಿಕೊಂಡ.

“ದುಡ್ಡು ಆಯಮ್ಮ ಕೊಡ್ತಾರಾ ಸಾರ್, ನೀವು ಕೊಡ್ತೀರಾ?”

ಕೊಟ್ಟದ್ದು ರಾಯರೇ. ವರ್ನಿಯರ್ ಇಟ್ಟು ಅಳೆದಾಗ ಏಳರ ಘನ ಒಂದೆರಡು ಮಿಲಿಮೀಟರ್ ದಪ್ಪ ಬಂತು; ವಾಪಸ್ಸು. ಉಜ್ಜಿಸಿ ತಂದಾಗ ಬಣ್ಣ ಸರಿಯಾದ ಗುಲಾಬಿಯಲ್ಲ, ವಾಪಸ್ಸು. “ಇಷ್ಟು ಮರದಲ್ಲಿ ಊಟದ ಮಣೆಗಳಾದ್ರೂ ಆಗ್ತಿದ್ವು ಸಾರ್” ಎಂದ ಬಡಗಿ, ಲೇಖಕನ ಕಡೆ ಮರುಕದಿಂದ ನೋಡಿ. ಕೊನೆಗೂ ಗೋಪುರ ಮನೆಗೆ ಬಂದ ದಿನ ಪುಟ್ಟಿ ಅದು ಬಂದ ರಟ್ಟಿನ ಡಬ್ಬದೊಳಗೆ ಕೂತು ಆಡಿದಳು. ಮರುದಿನ ಚಿಕ್ಕ ಘನ ನಾಪತ್ತೆ. ಮನೆಯೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ದೇವರ ಗೂಡಿನಲ್ಲಿ. ಗಣಪತಿಗೆ ಕೊಬ್ಬರಿ ಮಿಠಾಯಿಯೆಂದು ನೈವೇದ್ಯವಾಗಿತ್ತು.

ಗೋಪುರಕ್ಕೆ ನಿಜವಾದ ಗಿರಾಕಿ ಸಿಕ್ಕಿದ್ದು ಆಮೇಲೆ. ಒಂದು ಸಂಜೆ ಕರೆಂಟು ಹೋದಾಗ ದೊಡ್ಡವಳು ಬೇಜಾರಿಗೆ ಘನಗಳ ಗಾತ್ರ ಲೆಕ್ಕ ಹಾಕತೊಡಗಿದಳು. ಚಿಕ್ಕದು 1 ಘನ ಸೆಂಟಿಮೀಟರ್, ದೊಡ್ಡದು 1000. ಹತ್ತೂ ಕೂಡಿದರೆ 3025. ಅದು 55ರ ವರ್ಗ, ಒಂದರಿಂದ ಹತ್ತರವರೆಗೆ ಕೂಡಿದರೂ 55! ತಮ್ಮ ನಂಬಲಿಲ್ಲ. ಮೊದಲ ಮೂರನ್ನಷ್ಟೇ ತೆಗೆದುಕೊಂಡ: 1, 8, 27, ಒಟ್ಟು 36, ಆರಾರಲೆ ಮೂವತ್ತಾರು, ಒಂದು ಎರಡು ಮೂರು ಕೂಡಿದರೆ ಆರು. ಅವನು ಕುಣಿದ ರಭಸಕ್ಕೆ ಪುಟ್ಟಿ ಪೇರಿಸಿದ್ದೆಲ್ಲ ಉರುಳಿತು. ಹನ್ನೆರಡು, ಎಂಟು, ನಾಲ್ಕು, ಮೂವರೂ ಒಂದೇ ಚಾಪೆಯ ಮೇಲೆ, ಒಂದೇ ಸಾಮಗ್ರಿ. ರಾಯರು ಆಗ ಒಳಕೋಣೆಯಲ್ಲಿ ಮೊಬೈಲಿನ ಬೆಳಕಿನಲ್ಲಿ, ಹನ್ನೆರಡು ವರ್ಷದವರಿಗೆ ಯಾವ ಬೀಜಗಣಿತದ ಪುಸ್ತಕ ವಾಸಿ ಎಂದು ಹುಡುಕುತ್ತಿದ್ದರು.

ರಾಯರ ಅತ್ತೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಲಿ-ಕಲಿ 1995ರಲ್ಲಿ ಮೊದಲು ಶುರುವಾದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಕೆಲಸ ಮಾಡಿದವರು. ಒಂದು, ಎರಡು, ಮೂರನೇ ತರಗತಿ ಎಲ್ಲ ಒಂದೇ ಕೋಣೆಯಲ್ಲಿ. ಗುಂಪುಗುಂಪಾಗಿ ಮಕ್ಕಳು, ಕೈಯಲ್ಲಿ ಕಾರ್ಡು, ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುವ ಮಗು, ಕಷ್ಟವಾದರೆ ಪಕ್ಕದಲ್ಲಿ ಬಲ್ಲ ಇನ್ನೊಂದು ಮಗು. ಬಂದಾಗಲೆಲ್ಲ ಬೀರುಗಳನ್ನು ನೋಡಿ ಅವರು ಕೇಳುವುದುಂಟು: “ಅಲ್ಲ ಅಳಿಯಂದಿರೇ, ಕೋಣೆ ತುಂಬ ಮಕ್ಕಳಿಗೆ ನಮಗೆ ಒಂದು ಸೆಟ್ ಕಾರ್ಡು ಸಾಕಾಗ್ತಿತ್ತು. ನಿಮ್ಮ ಮೂವರಿಗೆ ಇಷ್ಟೂ ಸಾಲದೇ?” ರಾಯರು ನಗುತ್ತಾರೆ. ನಕ್ಕು, ನಲಿ-ಕಲಿ ಕಾರ್ಡುಗಳೂ ಎಲ್ಲಾದರೂ ಕೊಳ್ಳಲು ಸಿಗುತ್ತವೆಯೇ ಎಂದು ವಿಚಾರಿಸುತ್ತಾರೆ.

ಬೈಯುವುದು ಸುಲಭ. ಆದರೆ ಮಗುವಿನ ಮುಂದೆ ಏನನ್ನಿಡಬೇಕೆಂದು ಇಷ್ಟು ತಲೆಕೆಡಿಸಿಕೊಂಡ ಅಪ್ಪಂದಿರು ಈ ಲೇಖಕನ ಬಾಲ್ಯದಲ್ಲಿ ಎಲ್ಲಿದ್ದರು? ಅಣ್ಣನ ಪುಸ್ತಕ ತಮ್ಮನಿಗೆ, ತಮ್ಮನದು ಎದುರುಮನೆಯ ಹುಡುಗನಿಗೆ ಅರ್ಧ ಬೆಲೆಗೆ. ಹಳೆಯ ಹೆಸರು ಹೊಡೆದು ಹೊಸ ಹೆಸರು ಬರೆದು, ಬ್ರೌನ್ ಪೇಪರ್ ಹಾಕಿದರೆ ಆಯ್ಕೆ ಮುಗಿಯಿತು. ಅಂಚಿನಲ್ಲಿ ಅಣ್ಣ ಪೆನ್ಸಿಲಿನಲ್ಲಿ ಬರೆದಿಟ್ಟ ಉತ್ತರಗಳೇ ತಮ್ಮನಿಗೆ ಗೈಡು. ಅವುಗಳಲ್ಲಿ ಅರ್ಧ ತಪ್ಪು. ಎಷ್ಟನೇ ತರಗತಿ ಓದುತ್ತಿದ್ದೀಯ ಎಂದು ಅಪ್ಪ ಕೇಳುತ್ತಿದ್ದುದು ನೆಂಟರು ಬಂದಾಗ, ಅದೂ ಅವರಿಗೆ ಹೇಳುವುದಕ್ಕೆ.

ಮೊನ್ನೆ ಯುಗಾದಿ ಕಳೆದ ಮೇಲೆ ದೊಡ್ಡವಳು ಮೊದಲ ಬಾರಿಗೆ ತಾನಾಗಿಯೇ ಒಂದು ಬೇಡಿಕೆ ಇಟ್ಟಳು. ಹೋಲ್ಟ್ ಪ್ರಕಾರ ತಳ್ಳಿಹಾಕುವಂತಿಲ್ಲ. ಅವಳಿಗೆ ಶಾಲೆಗೆ ಸೇರಬೇಕಂತೆ. ಯಾಕಮ್ಮ ಎಂದದ್ದಕ್ಕೆ, “ಅಲ್ಲಿ ಒಂದು ಸಬ್ಜೆಕ್ಟಿಗೆ ಒಂದೇ ಪುಸ್ತಕ ಅಂತೆ ಅಪ್ಪಾ” ಎಂದಳಂತೆ. ರಾಯರು ಎರಡು ದಿನ ಮಂಕಾಗಿದ್ದರು. ಭಾನುವಾರ ಬೆಳಿಗ್ಗೆ ಲೇಖಕನ ಮನೆ ಬಾಗಿಲು ಬಡಿದಾಗ ಮುಖ ಅರಳಿತ್ತು. ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ ಮೂರರ ಏಳನೇ ತರಗತಿ ಗಣಿತದ ಪುಸ್ತಕಗಳೂ ಕಂಕುಳಲ್ಲಿದ್ದವು. “ತಿಂಡಿ ಆಯ್ತಾ? ನಿಧಾನಕ್ಕೆ ಮಾಡಿ, ನಾನು ಕೂತಿರ್ತೀನಿ” ಎಂದರು.