ಪುಣೆಯ ಫಿಯಟ್ಟು, ಹರಿಹರದ ಭಾವ

ಪಕ್ಕದ ಮನೆಯ ವಕೀಲರಿಗೆ ಫಿಯಟ್ ಹುಚ್ಚು ಹಿಡಿದಿದೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತಲ್ಲ, ಅದರ ಫೋಟೋ ಪೇಪರಿನಲ್ಲಿ ನೋಡಿದ ದಿನದಿಂದ ಶುರು. ಬೆಳಿಗ್ಗೆ ನಾನು ದಾಸವಾಳಕ್ಕೆ ನೀರು ಬಿಡುವ ಹೊತ್ತಿಗೆ ಕಾಂಪೌಂಡ್ ಗೋಡೆಯ ಮೇಲೆ ಮೊದಲು ಅವರ ಮೊಬೈಲು ಕಾಣಿಸುತ್ತದೆ, ಆಮೇಲೆ ಅವರು.

"ಮೇಷ್ಟ್ರೆ, ಇದನ್ನ ನೋಡ್ರಿ. 1968ರ ಪದ್ಮಿನಿ. ಪುಣೆದಾಗೈತೆ. ಹೆಂಗೈತೆ ಹೇಳ್ರಿ."

ಹೇಗಿದೆ ಅಂತ ಏನು ಹೇಳೋದು? ಫೋಟೋದಲ್ಲಿ ಎಲ್ಲ ಹಳೇ ಕಾರೂ ಚೆಂದವೇ. ಕೆನೆ ಬಣ್ಣ, ಹೊಳೆಯುವ ಬಂಪರು, ದುಂಡನೆಯ ದೀಪ. ಆದರೆ ಗಾಲಿಯ ಕೆಳಗಿನ ನೆಲ ಒದ್ದೆ. ಆಗಷ್ಟೇ ಪೈಪ್ ಹಿಡಿದು ತೊಳೆದು, ಒರೆಸದೆ ಫೋಟೋ ತೆಗೆದಿದ್ದಾನೆ ಪುಣ್ಯಾತ್ಮ. ಮೈ ಒದ್ದೆಯಿದ್ದರೆ ಸತ್ತ ಬಣ್ಣವೂ ಹೊಳೆಯುತ್ತದೆ, ಪುಟ್ಟಿ ಮೆತ್ತಿದ ಉಬ್ಬುತಗ್ಗು ಕಣ್ಣಿಗೆ ಬೀಳುವುದಿಲ್ಲ.

"ಮಟಮಟ ಮಧ್ಯಾಹ್ನ, ಗಾಡಿ ಒಣಗಿದ ಮ್ಯಾಲೆ, ಬಾಗಿಲ ಉದ್ದಕ್ಕೂ ಓರೆ ಹಿಡಿದು ಫೋಟೋ ತೆಗೆದು ಕಳ್ಸು ಅನ್ರಿ. ಒಳಗಿನ ಮ್ಯಾಟ್ ಎತ್ತಿ ನೆಲದ್ದೊಂದು, ಡಿಕ್ಕಿಯೊಳಗಿಂದೊಂದು, ಬ್ಯಾಟರಿ ಕೂತಿರೋ ಜಾಗದ್ದೊಂದು. ಅದಿರ್ಲಿ, 1968ರಾಗ ಪದ್ಮಿನಿ ಎಲ್ಲೈತ್ರಿ ವಕೀಲ್ರೆ?"

ಅವರು ಮುಖ ನೋಡಿದರು. ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಆಗ ಮಾಡುತ್ತಿದ್ದದ್ದು ಫಿಯಟ್ 1100 ಡಿಲೈಟ್. ಅದು ಪ್ರೆಸಿಡೆಂಟ್ ಆಗಿ, ಮತ್ತೆ ಪದ್ಮಿನಿ ಆದದ್ದು ಎಪ್ಪತ್ತರ ದಶಕದಲ್ಲಿ. ಅದೇ 1089 ಸಿಸಿ ಇಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು. 1968ರ ಪದ್ಮಿನಿ ಅಂತ ಯಾರಾದರೂ ಅಂದರೆ ಒಂದೋ ಮಾತಿನ ರೂಢಿ, ಎಲ್ಲ ಫಿಯಟ್ಟನ್ನೂ ಪದ್ಮಿನಿ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲವೋ, ಒಂದು ಗಾಡಿಯ ಆರ್‌ಸಿ ಬುಕ್ಕಿಗೆ ಇನ್ನೊಂದು ಗಾಡಿಯ ಮೈ ಸೇರಿಕೊಂಡಿದೆ. ಇಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಬುಕ್ಕಿನ ಜೊತೆ ಇಟ್ಟು ನೋಡುವವರೆಗೂ ಯಾವುದು ನಿಜ ಅಂತ ಇಲ್ಲಿಂದ ಹೇಳೋಕಾಗಲ್ಲ.

"ಅದಕ್ಕೇ ಯಾರನ್ನಾದ್ರೂ ಕಳ್ಸಿ ಚೆಕ್ ಮಾಡ್ಸಣ ಅಂತ. ಆ ಮಾರೋನೇ ಒಬ್ಬ ಮೆಕ್ಯಾನಿಕ್ಕನ್ನ ಗೊತ್ತುಮಾಡ್ತಾನಂತೆ, ಪಾಪ."

ಆ 'ಪಾಪ' ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಎದುರು ಪಾರ್ಟಿ ಗೊತ್ತುಮಾಡಿದ ಸಾಕ್ಷಿಯನ್ನು ನಂಬಿ ಇವರು ಎಂದಾದರೂ ಕೇಸು ನಡೆಸಿದ್ದಾರೆಯೇ? ಇಂಗ್ಲೆಂಡಿನಲ್ಲಾದರೆ ಎಎ, ಆರ್‌ಎಸಿ ಅಂತ ನೂರು ವರ್ಷ ದಾಟಿದ ಮೋಟಾರು ಸಂಘಗಳಿವೆ. ಕಾರು ಕೊಳ್ಳುವವನ ಪರವಾಗಿ ತಮ್ಮ ಆಳನ್ನು ಕಳಿಸಿ ಪರೀಕ್ಷೆ ಮಾಡಿಸಿಕೊಡುವುದು ಅವರಲ್ಲಿ ರೂಢಿ. ನಮ್ಮಲ್ಲೂ ಸೆಕೆಂಡ್ ಹ್ಯಾಂಡ್ ಕಾರು ನೋಡಿಕೊಡುವ ಕಂಪನಿಗಳು ಬಂದಿವೆ. ಟೀ ಶರ್ಟ್ ಹಾಕಿದ ಹುಡುಗ ಬಂದು ಸ್ಕ್ಯಾನರ್ ಚುಚ್ಚಿ ರಿಪೋರ್ಟು ಕೊಡುತ್ತಾನೆ. ಫಿಯಟ್ಟಿನಲ್ಲಿ ಅದನ್ನು ಚುಚ್ಚೋಕೆ ತೂತೇ ಇಲ್ಲ.

ಇದರಲ್ಲಿ ನಮ್ಮ ಹಿರಿಯರೇ ಜಾಣರು. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆಗೆಸಿ ಹಲ್ಲು ನೋಡ್ತಿದ್ದರು, ಸುಳಿ ನೋಡ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ಗಾಡಿಗೇ ಕಟ್ಟಿಸಿ ನೋಡ್ತಿದ್ದರು. ದಲ್ಲಾಳಿಯ ಜೊತೆ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು ಅದೆಲ್ಲ ಆದ ಮೇಲೆ. ಜೊತೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಎಂಥವನನ್ನು? ಎತ್ತು ಕಂಡರೆ ಕರಗುವವನನ್ನಲ್ಲ. ಕೊಂಬು ಸರಿಯಿಲ್ಲ, ಗೊರಸು ಸರಿಯಿಲ್ಲ ಅಂತ ಕೊಂಕು ತೆಗೆಯುವ ಸಿಡುಕು ಮುದುಕನನ್ನು.

ಅಂಥವರೊಬ್ಬರು ನನ್ನ ಕೈಯಲ್ಲಿದ್ದಾರೆ: ಹರಿಹರದ ನಮ್ಮ ಭಾವ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮುಂದೆ ನಿಂತು ತಲೆ ಬೆಳ್ಳಗಾದ ಮನುಷ್ಯ. ನಾವೆಲ್ಲ ಬೆಣ್ಣೆದೋಸೆ ಮೆಚ್ಚಿ ತಿನ್ನುತ್ತಿದ್ದರೆ ಅವರು ಹಂಚಿನ ಕಾವು ಒಂದು ಮಗ್ಗುಲಿಗೆ ಜಾಸ್ತಿ ಅನ್ನುತ್ತಾರೆ. ಹೆಣ್ಣು ಕೊಟ್ಟ ಮನೆಯವರಿಗೆ ಇದು ಕಷ್ಟ. ಹಳೇ ಕಾರು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೇ ಗುಣ ಇಲ್ಲ.

ಭಾವನ ಕ್ರಮ ಹೀಗೆ. ಗಾಡಿಯವನಿಗೆ ಮೊದಲೇ ಹೇಳಿಡಬೇಕು, ನಾವು ಬರೋ ತನಕ ಇಂಜಿನ್ ಮುಟ್ಟಬಾರದು ಅಂತ. ಹೋದ ಕೂಡಲೇ ರೇಡಿಯೇಟರ್ ಮೇಲೆ ಕೈ ಇಡುತ್ತಾರೆ. ಬೆಚ್ಚಗಿದ್ದರೆ, ನಮಸ್ಕಾರ ಕಣಪ್ಪ, ಸಂಜೆ ತಣ್ಣಗಾದ ಮೇಲೆ ಬರ್ತೀನಿ ಅಂತ ಟೀ ಕುಡಿಯೋಕೆ ಹೋಗುತ್ತಾರೆ. ಕಾದ ಇಂಜಿನ್ನು ಎಲ್ಲರ ಮುಂದೂ ಸಭ್ಯವಾಗಿಯೇ ಶುರುವಾಗುತ್ತದೆ. ಅದರ ಬಂಡವಾಳ ಬಯಲಾಗುವುದು ತಣ್ಣಗಿದ್ದಾಗ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಲೇ ಇದ್ದು, ಆಯಿಲ್ ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಮೊದಲ ಗೇರು ಕಿರುಗುಟ್ಟಿದರೆ ಮಾತ್ರ ಭಾವ ಸುಮ್ಮನಿರುತ್ತಾರೆ, ಡಿಲೈಟಿನ ಮೊದಲ ಗೇರಿಗೆ ಸಿಂಕ್ರೋ ಇಲ್ಲ, ಅದು ಹುಟ್ಟುಗುಣ.

ಆಮೇಲೆ ಜೇಬಿನಿಂದ ಅಯಸ್ಕಾಂತ, ಅದಕ್ಕೊಂದು ಬಟ್ಟೆ ಸುತ್ತಿರುತ್ತದೆ, ಬಣ್ಣ ಗೀಚಬಾರದಲ್ಲ. ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಮೂಲೆ, ಎಲ್ಲ ಕಡೆ ಇಟ್ಟು ನೋಡುತ್ತಾರೆ. ಕಚ್ಚಿದರೆ ತಗಡು, ಜಾರಿದರೆ ಪುಟ್ಟಿ. ಈ ತುಕ್ಕಿನ ವಿಷಯದಲ್ಲಿ ಗಾಡಿ ಈಗ ಎಲ್ಲಿದೆ ಅನ್ನುವುದಕ್ಕಿಂತ ಎಲ್ಲಿ ಬಾಳಿತ್ತು ಅನ್ನುವುದು ಮುಖ್ಯ. ಪುಣೆಯಲ್ಲಿ ನಿಂತಿದ್ದರೂ ಮೂವತ್ತು ವರ್ಷ ಮುಂಬೈಯ ಸಮುದ್ರದ ಗಾಳಿ ಕುಡಿದಿದ್ದರೆ ಚಾಸಿ ಒಳಗಿಂದಲೇ ತಿಂದುಹೋಗಿರುತ್ತದೆ. ತೀರ್ಥಹಳ್ಳಿ ಕಡೆ ಮಳೆಯಲ್ಲಿ ನೆನೆದ ಗಾಡಿಯೂ ಅಷ್ಟೇ. ಬಳ್ಳಾರಿ, ಹೊಸಪೇಟೆ, ನಮ್ಮ ಕಡೆಯ ಒಣ ಸೀಮೆಯ ಗಾಡಿಗೆ ರಬ್ಬರು ಬಿರಿದಿರಬಹುದು, ಸೀಟು ಹರಿದಿರಬಹುದು, ತಗಡು ಸಾಮಾನ್ಯವಾಗಿ ಗಟ್ಟಿ. ನನ್ನ ಕೇಳಿದರೆ, ಫಳಫಳ ಅನ್ನುವ ಮುಂಬೈ ಗಾಡಿಗಿಂತ ಧೂಳು ತಿಂದ ಬಳ್ಳಾರಿ ಗಾಡಿಗೆ ನಾಲ್ಕು ಕಾಸು ಜಾಸ್ತಿ ಕೊಡಬಹುದು.

ವಕೀಲರು ಇಷ್ಟನ್ನೂ ಕೇಳಿ, "ಹಂಗಾದ್ರೆ ಇಂಜಿನ್ನು, ಬಾಡಿ ಎರಡು ಸರಿ ಇದ್ರೆ ಮುಗೀತು," ಅಂದರು.

"ಆರ್‌ಸಿ ಯಾರ ಹೆಸರಿನಾಗೈತ್ರಿ?"

"ಮಾರೋನ ಅಜ್ಜನ ಹೆಸರಿನಾಗೆ."

"ಅಜ್ಜ ಇದಾರಾ?"

"ಇಲ್ಲಂತೆ."

ಒಂದು ಸೈಟು ಕೊಳ್ಳೋಕೆ ಯಾರೇ ಬಂದರೂ ಮೂವತ್ತು ವರ್ಷದ ಇ.ಸಿ. ತರಿಸದೆ, ವಂಶವೃಕ್ಷ ನೋಡದೆ ಬಾಯಿ ಬಿಡದ ಮನುಷ್ಯ ಇವರು! ಸತ್ತವರ ಹೆಸರಿನ ಗಾಡಿ ಮೊದಲು ಫಾರಂ 31ರಲ್ಲಿ ವಾರಸುದಾರರಿಗೆ ಬರಬೇಕು. ಅತ್ತೆ, ಚಿಕ್ಕಪ್ಪ ಅಂತ ನಾಲ್ಕು ಜನ ಇದ್ದರೆ ಅವರ ಒಪ್ಪಿಗೆಯೂ ಬೇಕು. ಆಮೇಲೆ ಮಾರಾಟಕ್ಕೆ 29, 30. ರಾಜ್ಯ ದಾಟಿಸಲಿಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ. ಎಂದೋ ತೀರಿದ ಸಾಲದ ಬ್ಯಾಂಕಿನ ಹೆಸರು ಬುಕ್ಕಿನಲ್ಲಿ ಹಾಗೇ ಉಳಿದಿದ್ದರೆ 35. ಇಲ್ಲಿಗೆ ಬಂದ ಮೇಲೆ ಕೆಎ-17ರ ನಂಬರು, ಕರ್ನಾಟಕದ ಜೀವಾವಧಿ ತೆರಿಗೆ. ಗಾಡಿ ಹಳೆಯದಾದಷ್ಟೂ ದರ ಇಳಿಯುತ್ತದೆ ಅನ್ನುವುದೊಂದು ಸಮಾಧಾನ. ಹಳೇ ಗಾಡಿಗಳ ದಾಖಲೆ ಎಷ್ಟೋ ಸಲ ಕಂಪ್ಯೂಟರಿಗೇ ಏರಿರುವುದಿಲ್ಲ, ಹಾಗಾಗಿ ಮೊಬೈಲಿನಲ್ಲಿ ಸಿಗದಿದ್ದರೆ ಆ ಆಫೀಸಿಗೇ ಹೋಗಿ ರಿಜಿಸ್ಟರ್ ತೆಗೆಸಬೇಕು.

ಬುಷ್ ಸವೆದಿದ್ದರೆ ಹರಿಹರದಲ್ಲಿ ತಿರುವಿಸಿ ಹಾಕಿಕೊಳ್ಳಬಹುದು. ತಗಡು ತೂತು ಬಿದ್ದಿದ್ದರೆ ಟಿಂಕರ್ ಹತ್ತಿರ ಕಟ್ ಮಾಡಿಸಿ ವೆಲ್ಡ್ ಮಾಡಿಸಬಹುದು. ಸತ್ತ ಅಜ್ಜನ ಸಹಿಯನ್ನು ಯಾವ ಲೇತಿನಲ್ಲಿ ತಿರುವಿಸ್ತೀರಿ? ಆದ್ದರಿಂದ ಭಾವನಿಗೆ ಟಿಕೆಟ್ ತೆಗೆಸುವ ಮೊದಲೇ ಕಾಗದದ ಫೋಟೋ ತರಿಸಿಕೊಂಡು, ಇವರೇ ಕನ್ನಡಕ ಹಾಕಿಕೊಂಡು ಕೂರಬೇಕು. ಆ ಕೆಲಸಕ್ಕೆ ಇಡೀ ಬಡಾವಣೆಯಲ್ಲಿ ಇವರಷ್ಟು ತಕ್ಕವರಿಲ್ಲ.

"ಐವತ್ತು ವರ್ಷ ದಾಟಿದ್ರೆ ವಿಂಟೇಜ್ ಅಂತ ಬ್ಯಾರೆ ನಂಬರೇ ಕೊಡ್ತಾರಂತಲ್ರೀ?" ವಕೀಲರು ಬಿಡುವವರಲ್ಲ.

ಕೊಡುತ್ತಾರೆ, 2021ರ ನಿಯಮ. ನಂಬರಿನ ನಡುವೆ 'ವಿಎ' ಅಂತ ಬರುತ್ತದೆ, 20,000 ರೂಪಾಯಿ ಕಟ್ಟಿದರೆ 10 ವರ್ಷ. ಗಾಡಿ ಮೂಲ ರೂಪದಲ್ಲೇ ಇರಬೇಕು. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಅಂತ ಹೊರಗೆ ತರಬಹುದೇ ಹೊರತು ದಿನಾ ಓಡಿಸುವಂತಿಲ್ಲ.

"ಕೋರ್ಟಿಗೆ ತಗಂಡ್ ಹೋಗಂಗಿಲ್ವಾ?"

"ಇಲ್ರಿ."

"ಮಂಡಕ್ಕಿ ಮೆಣಸಿನಕಾಯಿ ತಿನ್ನಕೆ?"

"ಅದು ರ‍್ಯಾಲಿ ಅಂತ ನೀವೇ ವಾದ ಮಾಡ್ಬೇಕು."

ಮಾಮೂಲಿ ನೋಂದಣಿಯಲ್ಲೇ ಇಟ್ಟುಕೊಂಡರೆ 5 ವರ್ಷಕ್ಕೊಮ್ಮೆ ನವೀಕರಣ. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ ಅದರ ಫೀಸು 10,000 ರೂಪಾಯಿ. ವಕೀಲರು ಮನಸ್ಸಿನಲ್ಲೇ ಕೂಡಿ ಕಳೆದು ಮಾಡಿದ್ದು ಮುಖದಲ್ಲಿ ಕಾಣಿಸಿತು.

"ಎಲ್ಲಾ ಸರಿ ಇದ್ರೆ ಭಾವನೋರು ಅಲ್ಲಿಂದಲೇ ಓಡಿಸ್ಕೊಂಡು ಬರ್ತಾರಾ? ಒಂದೇ ರೋಡು, ಎನ್‌ಎಚ್ 48. ಪುಣೆದಾಗ ಹತ್ತಿದ್ರೆ ನಮ್ಮ ಬೈಪಾಸಿಗೇ ಬಂದು ನಿಲ್ತೈತೆ."

ಐನೂರೈವತ್ತು ಕಿಲೋಮೀಟರಿಗೂ ಮೇಲೆ, ನಡುವೆ ಖಂಬಾಟ್ಕಿ ಘಾಟು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಹಿಂದೆ ಹಾರನ್ ಹೊಡೆಯುವ ವೋಲ್ವೊಗಳು. ಲಾರಿ ಮೇಲೆ ಹೇರಿಸಿಕೊಂಡು ಬರುವುದೇ ಕ್ಷೇಮ ಅಂದೆ.

ಕೊನೆಗೆ ಮಾತು ಭಾವನ ಸಂಭಾವನೆಗೆ ಬಂತು. ಬಸ್ ಚಾರ್ಜು, ಊಟ, ರೂಮು, ಮೇಲೆ ದಿನದ ಕೂಲಿ. ಅದನ್ನು ಹೊರಡುವ ಮೊದಲೇ ಕೈಗೆ ಕೊಡಬೇಕು. ಗಾಡಿ ಕೊಂಡರೆ ಇಷ್ಟು, ಬಿಟ್ಟರೆ ಅಷ್ಟು ಅನ್ನುವ ಲೆಕ್ಕ ಇಟ್ಟರೆ ಎಂಥ ಸಿಡುಕನ ಕಣ್ಣಿಗೂ ಪೊರೆ ಬರುತ್ತದೆ.

"ಅಷ್ಟು ದೂರ ಹೋಗಿ ಬ್ಯಾಡ ಅಂತ ಬಂದ್ರೆ?"

"ಬ್ಯಾಡ ಅಂದ್ರೂ ಅಷ್ಟೇ ದುಡ್ಡು, ಬೇಕು ಅಂದ್ರೂ ಅಷ್ಟೇ ದುಡ್ಡು. ಆಗ್ಲೇ ಅವ್ರು ನಿಜ ಹೇಳೋದು."

ಅಷ್ಟರಲ್ಲಿ ಅವರ ಅಡುಗೆಮನೆಯ ಕಿಟಕಿಯಿಂದ ಅಕ್ಕಾರ ದನಿ: "ಮೇಷ್ಟ್ರೆ, ನಿಮ್ಮ ಭಾವನೋರಿಗೆ ಹೇಳ್ರಿ, ಬ್ಯಾಡ ಅಂತ ಬಂದ್ರೆ ನಾನು ಎರಡರಷ್ಟು ಕೊಡ್ತೀನಿ."