ಹಿತ್ತಿಲ ಹಿಂಡಿನಲ್ಲಿ ಮಸ್ಕೋವಿ ಬಾತು: ಸ್ನೇಹಪರತೆಯ ಸ್ವರೂಪ, ನೆಲೆ ಮತ್ತು ಆಯಾಮಗಳು

ಹಿತ್ತಿಲು ಎಂಬುದು ಮನೆಯ ಹಿಂಭಾಗದಲ್ಲಿ ಇರುವ ಹಾಗೂ ಮುಂಭಾಗದಲ್ಲಿ ಇಲ್ಲದಿರುವ ಒಂದು ಸಾಂಸ್ಕೃತಿಕ ಅವಕಾಶವಾಗಿದ್ದು, ಅಲ್ಲಿ ಕೆದಕುವ, ಕುಕ್ಕುವ ಮತ್ತು ಮುಸುರೆಗಾಗಿ ಕಾಯುವ ಪಕ್ಷಿಗಳ ಸಮುಚ್ಚಯವನ್ನು ವಿದ್ವತ್ ಪರಿಭಾಷೆಯಲ್ಲಿ 'ಹಿಂಡು' ಎಂದು ಗುರುತಿಸಲಾಗುತ್ತದೆ. ಈ ಹಿಂಡಿಗೆ ಮಸ್ಕೋವಿ ಬಾತನ್ನು ಸೇರಿಸುವುದು ಕೇವಲ ಸೇರಿಸುವುದಾಗಿರದೆ, 'ಅನ್ಯ'ವನ್ನು ಒಳಗೊಳ್ಳುವ ಸಂಕಥನಾತ್ಮಕ ಪ್ರಕ್ರಿಯೆಯೂ ಆಗಿದೆ ಎಂಬ ಸಂಗತಿ ಇದುವರೆಗೆ ಯಾವ ವಿಚಾರ ಸಂಕಿರಣದ ಗಮನಕ್ಕೂ ಬಂದಿಲ್ಲ. ಊಟದ ವಿರಾಮದ ಹೊರತು ಬೇರೇನೂ ಸಂಕಿರಣಗಳ ಗಮನಕ್ಕೆ ಬಾರದಿರುವುದರಿಂದ ಇದರಲ್ಲಿ ಅಚ್ಚರಿಪಡುವಂಥದ್ದಿಲ್ಲ.

ಕೈರಿನಾ ಮಾಸ್ಕೇಟಾ ಎಂಬ ಶಾಸ್ತ್ರೀಯ ನಾಮಧೇಯದ ಈ ಪಕ್ಷಿಯ ಮೂಲನೆಲೆ ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಕಾಡು ಮತ್ತು ಜೌಗು. ಹೆಸರಘಟ್ಟದ ಸರ್ಕಾರಿ ಕೇಂದ್ರದ ಮೂಲಕ ಕನ್ನಡ ನಾಡಿಗೆ ಪರಿಚಿತವಾದ ಖಾಕಿ ಕ್ಯಾಂಪ್‌ಬೆಲ್ ಸೇರಿದಂತೆ ಬಹುತೇಕ ಎಲ್ಲ ಸಾಕುಬಾತುಗಳೂ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿಯಾಗಿದ್ದರೆ, ಮಸ್ಕೋವಿ ಮಾತ್ರ ಆ ವಂಶವೃಕ್ಷದಿಂದ ಹೊರಗುಳಿದು ತನ್ನ ಅನನ್ಯತೆಯನ್ನು ಕಾಪಾಡಿಕೊಂಡಿದೆ. ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ 2010ರಲ್ಲಿ ಹೊರಡಿಸಿದ ನಿಯಂತ್ರಣ ನಿಯಮದ ಪ್ರಕಾರ ಅದು ಟೆಕ್ಸಾಸ್‌ನ ಹಿಡಾಲ್ಗೊ, ಸ್ಟಾರ್ ಮತ್ತು ಜಪಾಟಾ ಎಂಬ ಮೂರು ಕೌಂಟಿಗಳಲ್ಲಿ ಸಹಜವಾಗಿ ನೆಲೆಸಿದ ಹಕ್ಕಿ. ಗಡಿ ದಾಟಿ ನಾಲ್ಕನೆಯದಕ್ಕೆ ಹಾರಿದರೆ ಪರಕೀಯ. ಅನ್ಯತ್ವದ ಸಿದ್ಧಾಂತವನ್ನು ಇಷ್ಟು ಕರಾರುವಾಕ್ಕಾಗಿ ನಮ್ಮ ಯಾವ ವಿಮರ್ಶಕರೂ ನಿರೂಪಿಸಿಲ್ಲ.

ಮಸ್ಕೋವಿಯ ಸ್ನೇಹಪರತೆಯನ್ನು ಏಳು ಪ್ರಧಾನ ವರ್ಗಗಳಾಗಿಯೂ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿಯೂ ವಿಂಗಡಿಸಬಹುದಾಗಿದೆ. ಮೊದಲನೆಯದು ಪುಚ್ಛಚಾಲನಾತ್ಮಕ ಸ್ನೇಹ, ಅಂದರೆ ಬಾಲ ಅಲ್ಲಾಡಿಸುವುದು: ಪರಿಚಿತರು ಕಂಡೊಡನೆ ಗಂಡು ಬಾತು ನೆತ್ತಿಯ ಜುಟ್ಟನ್ನು ನಿಮಿರಿಸಿ, ಕತ್ತನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತ, ಬಾಲವನ್ನು ಎಡಬಲಕ್ಕೆ ಬಡಿಯುತ್ತ, ಕಣ್ಣಿನ ಸುತ್ತ ಕೆಂಪು ಗಂಟುಗಳು ತುಂಬಿದ ಮುಖವನ್ನು ಮುಂದೊಡ್ಡಿ ಬಳಿಗೆ ಬರುತ್ತದೆ. ಎರಡನೆಯದು ಮೌನಮೂಲ ಸ್ನೇಹ. ಇತರ ಬಾತುಗಳ ಗದ್ದಲ ಇದಕ್ಕಿಲ್ಲ. ಗಂಡು ಬುಸುಗುಡುತ್ತದೆ, ಹೆಣ್ಣು ಮೆಲುದನಿಯಲ್ಲಿ ಏನೋ ಗುನುಗುತ್ತದೆ, ಆದ್ದರಿಂದ ಈ ಸ್ನೇಹದ ನಿಜವಾದ ಫಲ ದೊರೆಯುವುದು ಪಕ್ಕದ ಮನೆಯವರಿಗೆ. ಮೂರನೆಯದು ಮಕ್ಷಿಕಾಭಕ್ಷಣ, ಅಂದರೆ ನೊಣ ಹಿಡಿದು ತಿನ್ನುವುದು. ನಾಲ್ಕನೆಯದು ಮೂರನೆಯದನ್ನೇ ಹೋಲುತ್ತದೆ, ಉಳಿದವು ಏಳು ಎಂಬ ಸಂಖ್ಯೆಗೆ ವಿದ್ವತ್ ವಲಯದಲ್ಲಿರುವ ಗೌರವದ ನಿಮಿತ್ತ ಸೇರಿದವು. ಆದುದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಅಂತರ್-ಪ್ರಭೇದೀಯ ಮಾತೃತ್ವದ ಪ್ರಶ್ನೆ ಮಾತ್ರ ಕೈಬಿಡುವಂಥದ್ದಲ್ಲ. ಕೋಳಿಮೊಟ್ಟೆ 21 ದಿನಕ್ಕೆ ಒಡೆದರೆ, ಮಲ್ಲಾರ್ಡ್ ಸಂತತಿಯ ಬಾತುಗಳದು 28 ದಿನಕ್ಕೆ, ಮಸ್ಕೋವಿಯದು ಸುಮಾರು 35 ದಿನಕ್ಕೆ. ಹೆಣ್ಣು ಮಸ್ಕೋವಿ ತನ್ನ ಎದೆಯ ತುಪ್ಪುಳನ್ನೇ ಕಿತ್ತು ಗೂಡಿಗೆ ಹಾಸಿ, ಮೇಯಲು ಏಳುವಾಗ ಅದನ್ನೇ ಮೊಟ್ಟೆಗಳ ಮೇಲೆ ಎಳೆದು ಮುಚ್ಚಿ, ಬೇಗನೆ ಮರಳಿ ಕೂರುತ್ತದೆ. ಇಷ್ಟು ಗಟ್ಟಿಯಾಗಿ ಕಾವು ಕೂರುವುದರಿಂದ ಇದರ ಕೆಳಗೆ ಕೋಳಿಮೊಟ್ಟೆಯನ್ನೂ ಇಡಬಹುದು. ಆದರೆ ಎರಡನ್ನೂ ಒಂದೇ ದಿನ ಇಟ್ಟರೆ ಪಿಳ್ಳೆಗಳು ಮೊದಲು ಹೊರಬಂದು, ತಾಯಿ ಅವುಗಳ ಹಿಂದೆ ಎದ್ದುಹೋಗಿ, ಬಾತುಮೊಟ್ಟೆ ತಣ್ಣಗಾಗುತ್ತದೆ. ಹಾಗಾಗದಂತೆ ಕೋಳಿಮೊಟ್ಟೆಯನ್ನು ಎರಡು ವಾರ ತಡವಾಗಿ ಇಡಬೇಕು. ಈ ಲೆಕ್ಕವನ್ನು 'ಕಾಲಾಂತರೀಯ ಸಂಯೋಜನಾ ಪ್ರತಿಮಾನ' ಎಂದು ಕರೆದರೆ ಒಂದು ಪಿಎಚ್.ಡಿ. ಅಧ್ಯಾಯವಾಗುತ್ತದೆ, ಕರೆಯದಿದ್ದರೂ ಮರಿಗಳಾಗುತ್ತವೆ.

ಸ್ನೇಹಕ್ಕೆ ಮಿತಿಗಳೂ ಇವೆ. ಗಂಡು ನಾಲ್ಕರಿಂದ ಆರು ಕಿಲೊ ತೂಗುತ್ತದೆ, ಹೆಣ್ಣು ಹೆಚ್ಚುಕಡಿಮೆ ಅದರ ಅರ್ಧ. ಹೆಣ್ಣುಗಳ ಸಂಖ್ಯೆ ಸಾಲದಿದ್ದರೆ ಗಂಡು ಹೇಂಟೆಗಳ ಮೇಲೆ ಎರಗಿ ಗಾಯಮಾಡುತ್ತದೆ. ಮರದ ಕೊಂಬೆ ಹಿಡಿಯುವ ಕಾಲುಗುರು ಹರಿತವಾಗಿರುವುದರಿಂದ ಎತ್ತಿಕೊಂಡವರ ಮುಂಗೈ ಪರಚಿಹೋಗುವುದುಂಟು. ಕೋಳಿಗಳಿಗಿಟ್ಟ ನೀರಿನ ಬಟ್ಟಲನ್ನು ಬಾತು ಕೆಸರು ಮಾಡುತ್ತದೆ, ಆ ನೀರಲ್ಲಿ ನೆನೆದ ಪಿಳ್ಳೆ ಚಳಿಗೆ ಸಾಯುತ್ತದೆ.

ಸಾವಿನ ಮಾತು ಬಂದಮೇಲೆ ಪರಿಭಾಷೆಯ ಮಾತನ್ನೂ ಆಡಲೇಬೇಕಾಗಿದೆ. 'ಶಿಲೀಂಧ್ರಜನ್ಯ ವಿಷಾಂಶ ಪ್ರಭಾವಿತ ಆಹಾರ ಘಟಕಗಳ ಪರಿಹರಣೀಯತೆಯ ಅನಿವಾರ್ಯತೆ' ಎಂಬ ಧಾಟಿಯ ವಾಕ್ಯವೊಂದನ್ನು ಬಾತು ಸಾಕಣೆಯ ತರಬೇತಿಯ ವೇದಿಕೆಯಿಂದ ಕೇಳಿಸಿಕೊಂಡವರು ತಲೆಯಾಡಿಸುತ್ತಾರೆ, ಚಪ್ಪಾಳೆಯನ್ನೂ ತಟ್ಟುತ್ತಾರೆ. ಅದರ ಅರ್ಥ ಇಷ್ಟೇ: ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಬಾತುಗಳಿಗೆ ಹಾಕಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಇಂಥದೇ ಹಿಂಡಿ ತಿಂದು ಸತ್ತವು, ಬಾತುಮರಿಗಳೂ ಸತ್ತವು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಪತ್ತೆಯಾದದ್ದು ಆಗಲೇ. ಬಾತುಮರಿ ಈ ವಿಷಕ್ಕೆ ಎಷ್ಟು ಬೇಗ ಬಲಿಯಾಗುತ್ತದೆಂದರೆ, ವಿಷ ಇದೆಯೇ ಇಲ್ಲವೇ ಎಂದು ನೋಡಲು ಪ್ರಯೋಗಾಲಯಗಳು ಅದನ್ನೇ ಬಳಸುತ್ತಿದ್ದವು. ಇದು ಗೊತ್ತಾಗಿ ಅರವತ್ತು ವರ್ಷ ದಾಟಿದೆ. ಎರಡನೇ ತರಗತಿಯ ಮಗುವಿಗೂ ತಿಳಿಯುವ ಒಂದು ಸಾಲನ್ನು ಅದೇ ಭಾಷೆಯಾಡುವ, ಬಾತು ಸಾಕುವ ಹೆಂಗಸಿಗೆ ಅರ್ಥವಾಗದಂತೆ ಹೇಳಲು ಬೇಕಾದ ವಿದ್ಯೆಯನ್ನು ಈ ನಾಡು ಖರ್ಚು ಮಾಡಿ ಕಲಿಸುತ್ತಿದೆ.

ಕೊಲಂಬಸ್ ಹಡಗು ಹತ್ತುವುದಕ್ಕೂ ಬಹಳ ಮೊದಲೇ ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಈ ಕಾಡುಹಕ್ಕಿಯನ್ನು ಮನೆಯಂಗಳಕ್ಕೆ ಒಗ್ಗಿಸಿದ್ದರು. ಯಾವ ಕೈ ಮೊದಲು ಕಾಳು ಚೆಲ್ಲಿತೆಂಬುದು ಗ್ರಂಥಗಳಲ್ಲಿಲ್ಲ. 1758ರಲ್ಲಿ ಅದಕ್ಕೆ ಲ್ಯಾಟಿನ್ ಹೆಸರಿಟ್ಟ ಲಿನೇಯಸ್‌ನ ಹೆಸರು ಮಾತ್ರ ಎಲ್ಲ ಗ್ರಂಥಗಳಲ್ಲೂ ಇದೆ. ಇಲ್ಲಿನ ಹಿತ್ತಿಲುಗಳಲ್ಲಿ ಗೂಡಿನ ಬಾಗಿಲು ಹಾಕಿ ತೆಗೆಯುವ, ಯಾವ ಹೇಂಟೆ ಯಾವ ಮೂಲೆಯಲ್ಲಿ ಕಳ್ಳಮೊಟ್ಟೆ ಇಡುತ್ತದೆಂದು ಬಲ್ಲ ಹೆಂಗಸೂ ಮರಿ ಹಂಚುವ ಯೋಜನೆಯ ದಾಖಲೆಯಲ್ಲಿ 'ಫಲಾನುಭವಿ' ಅಷ್ಟೆ. ಮಳೆಗಾಲದಲ್ಲಿ ಹಿಂಡಿಯ ಮೂಟೆಯನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕೆಂಬ ಮಾತು ಆಕೆಗೆ ಬೇಕಿತ್ತು. ತರಬೇತಿಯಲ್ಲಿ ಸಿಗುವುದು ಜಿಪ್ ಇರುವ ಒಂದು ಚೀಲ, ಅದರೊಳಗೊಂದು ಪೆನ್ನು, ಊಟದ ಕೂಪನ್ನು. ಆಕೆಗೆ ಕೊಟ್ಟ ಮರಿಗಳೆಷ್ಟೆಂದು ಬರೆಯಲು ವರದಿಯ ನಮೂನೆಯಲ್ಲಿ ಕಾಲಂ ಇರುತ್ತದೆ, ಸತ್ತ ಮರಿಗಳೆಷ್ಟೆಂದು ಬರೆಯಲು ಇರುವುದಿಲ್ಲ.