ಸರ್ನೋಕ್ ನಕ್ಷತ್ರದವರಿಗೆ ಹಚ್ಚೊಳ್ಳಿ ಖಾತೆದಾರರ ಬಹಿರಂಗ ಪತ್ರ

ಇವರಿಗೆ: ಮಾನ್ಯ ನಕ್ಷತ್ರದವರು (*), ಸರ್ನೋಕ್ ಪೆಟ್ಟಿಗೆ, 'ಭೂಮಿ' ತಂತ್ರಾಂಶ.

ಇವರಿಂದ: ಹಚ್ಚೊಳ್ಳಿ ಹೋಬಳಿಯ ಖಾತೆದಾರರು, ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ.

ವಿಷಯ: ತಾವು ಯಾರೆಂದು ತಿಳಿಸಿಕೊಡುವ ಬಗ್ಗೆ.

ಉಲ್ಲೇಖ: ಅರ್ಜಿದಾರರ ಮುತ್ತಜ್ಜಂದಿರ ಕಾಲದ ಕ್ರಯಪತ್ರ (ಗೆದ್ದಲು ತಿಂದು ಉಳಿದ ಭಾಗ ಮಾತ್ರ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರು ವಿನಂತಿಸಿಕೊಳ್ಳುವುದೇನೆಂದರೆ, ಪಹಣಿ ನೋಡಲು ಮೊಬೈಲ್ ತೆಗೆದ ರೈತ ಮೊದಲು ಜಿಲ್ಲೆ ಆರಿಸುತ್ತಾನೆ: ಬಳ್ಳಾರಿ. ತಾಲ್ಲೂಕು ಸಿರುಗುಪ್ಪ. ಹೋಬಳಿ ಹಚ್ಚೊಳ್ಳಿ. ಗ್ರಾಮವೂ ಹಚ್ಚೊಳ್ಳಿಯೇ. ಸರ್ವೆ ನಂಬರು ಅವನಿಗೆ ಹೆಂಡತಿಯ ಹೆಸರಿಗಿಂತ ಚೆನ್ನಾಗಿ ಬಾಯಿಪಾಠ. ಅಲ್ಲಿತನಕ ಎಲ್ಲ ಸುಸೂತ್ರ. ಆಮೇಲೆ 'ಸರ್ನೋಕ್' ಎಂಬ ಪೆಟ್ಟಿಗೆ ಬಾಯಿ ತೆರೆಯುತ್ತದೆ. ಅದರೊಳಗೆ ತಾವೊಬ್ಬರೇ ಕೂತಿರುತ್ತೀರಿ. ತಮ್ಮನ್ನು ಒತ್ತದೆ ಮುಂದೆ ದಾರಿಯಿಲ್ಲ, ಒತ್ತಿದ್ದಕ್ಕೆ ಅರ್ಥವಿಲ್ಲ. ರೈತ ಗಾಬರಿಯಾಗಿ ಮಗನ ಮುಖ ನೋಡುತ್ತಾನೆ. ಡಿಗ್ರಿ ಓದಿದ ಮಗ, 'ಅದು ಹಂಗೇ ಇರ್ತೈತಪ್ಪ, ಒತ್ತು' ಅನ್ನುತ್ತಾನೆ.

ಅದು ಹಾಗೇ ಇರುತ್ತದೆ. ಜಮೀನಿನ ದಾಖಲೆಗಳ ಬಗ್ಗೆ ಈ ಸೀಮೆಯಲ್ಲಿ ಚಾಲ್ತಿಯಲ್ಲಿರುವ ಏಕೈಕ ವ್ಯಾಖ್ಯಾನಗ್ರಂಥ ಇಷ್ಟೇ.

ಬಲ್ಲವರನ್ನು ಕೇಳಿದರೆ, ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ನಡುವೆ ಒಂದು ಉಪಸಂಖ್ಯೆಗಾಗಿ ಕಾದಿರಿಸಿದ ಜಾಗ ಅದು, ಅಂಥ ಸಂಖ್ಯೆ ಇಲ್ಲದ ಕಡೆ ನಕ್ಷತ್ರ ಬರುತ್ತದೆ ಎನ್ನುತ್ತಾರೆ. ಅಂದರೆ ತಾವು 'ಏನೂ ಇಲ್ಲ' ಎಂಬುದರ ಅಧಿಕೃತ ಗುರುತು. ಏನೂ ಇಲ್ಲದ್ದಕ್ಕೂ ಒಂದು ಕಾಲಂ ಕೊಟ್ಟ ಇಲಾಖೆಯ ಔದಾರ್ಯವನ್ನು ಅರ್ಜಿದಾರರು ಮೆಚ್ಚುತ್ತಾರೆ. ಆದರೆ ಏನೂ ಇಲ್ಲವೆಂಬ ಮಾತನ್ನು ಕನ್ನಡದಲ್ಲೇ ಬರೆದಿದ್ದರೆ ಏನಾಗುತ್ತಿತ್ತು?

ಈ ಸೀಮೆಗೆ ದಾಖಲೆ ಹೊಸತಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕ ಚಕ್ರವರ್ತಿ ತನ್ನ ಶಾಸನಗಳಲ್ಲಿ ಸಾಮಾನ್ಯವಾಗಿ 'ದೇವಾನಾಂಪ್ರಿಯ' ಎಂದಷ್ಟೇ ಹೇಳಿಕೊಂಡವನು. ಅಶೋಕ ಎಂಬ ಸ್ವಂತ ಹೆಸರು ಕಾಣಿಸುವ ಬಂಡೆಗಳು ಬೆರಳೆಣಿಕೆಯಷ್ಟು. ಮಸ್ಕಿಯದು ಪ್ರಸಿದ್ಧ, ಮತ್ತೆರಡು ಇದೇ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದವು. ಇಪ್ಪತ್ತೆರಡು ಶತಮಾನ ಬಿಸಿಲಲ್ಲಿ ಒಣಗಿದರೂ ಆ ಹೆಸರಿನ ಒಂದಕ್ಷರ ಅತ್ತಿತ್ತ ಆಗಿಲ್ಲ. ಅದೇ ನಾಡಿನ ಈರಣ್ಣ ಕ್ರಯಪತ್ರದಲ್ಲಿ ವೀರಣ್ಣ, ಪಹಣಿಯಲ್ಲಿ ಯೀರಣ್ಣ, ಆಧಾರ್ ಕಾರ್ಡಿನಲ್ಲಿ ಎರಣ್ಣ. ಈ ನಾಲ್ವರೂ ಒಬ್ಬನೇ ಎಂದು ಸಾಬೀತುಪಡಿಸಲು ಅವನು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಅಶೋಕನಿಗೆ ಆಧಾರ್ ಜೋಡಣೆ ಇರಲಿಲ್ಲ, ಬಚಾವಾದ.

ಇನ್ನು ಈ ದಾಖಲೆಗಳ ವಂಶಾವಳಿಯ ವಿಚಾರ. 1800ರಲ್ಲಿ ಹೈದರಾಬಾದಿನ ನಿಜಾಮ ಈ ನಾಡನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ, 'ದತ್ತ ಮಂಡಲ' ಎಂಬ ಹೆಸರು ಬಂತು. ಮೊದಲ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲಹೊಲವನ್ನೂ ಸರಪಳಿ ಹಿಡಿದು ಅಳೆಸಿದ. ಸರಪಳಿಯ ಉದ್ದ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲವೆಂದರೆ 1089 ಚದರಡಿ, ಲೆಕ್ಕಕ್ಕೆ ಸರಿಯಾಗಿ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ಇಷ್ಟಾಗಿಯೂ ಬಳ್ಳಾರಿ ಜಿಲ್ಲೆಯ ರೈತ ಗುಂಟೆ ಎನ್ನುವುದಿಲ್ಲ. ತನ್ನನ್ನು ಹಿಂದೆ ಆಳಿದ ಮದ್ರಾಸಿನ ಋಣ ತೀರಿಸಲು ಇವತ್ತಿಗೂ ಸೆಂಟ್ಸ್ ಎನ್ನುತ್ತಾನೆ: 100 ಸೆಂಟ್ಸಿಗೆ ಎಕರೆ, ಎರಡೂವರೆ ಸೆಂಟ್ಸಿಗೆ ಗುಂಟೆ.

ಇದರಿಂದ ಸಂಸಾರಗಳಲ್ಲಿ ಏನಾಗುತ್ತದೆಂದು ತಮಗೆ ತಿಳಿದಿರಲಾರದು. ತುಂಗಭದ್ರೆ ದಾಟಿದರೆ ಸಿಂಧನೂರು ಸೀಮೆ, ಅಲ್ಲಿ ಗುಂಟೆಯ ರಾಜ್ಯ. ಆ ದಂಡೆಯ ಬೀಗರು ಹೆಣ್ಣು ಕೊಡಲು ಬಂದಾಗ ವರನ ಕಡೆಯವರು 'ನಾಲ್ಕೆಕರೆ ಮೂವತ್ತು' ಎಂದರು ಅನ್ನಿ. ಬಂದವರ ಮನಸ್ಸಿನಲ್ಲಿ ನಾಲ್ಕು ಎಕರೆ 30 ಗುಂಟೆ, ಅಂದರೆ ಮುಕ್ಕಾಲು ಎಕರೆ ಮೇಲೆ. ಹೇಳಿದವರ ಲೆಕ್ಕದಲ್ಲಿ 30 ಸೆಂಟ್ಸ್, ಅಂದರೆ ಬರೀ 12 ಗುಂಟೆ. ಒಂದು ಮಾತಿನ ನಡುವೆ 18 ಗುಂಟೆ ಭತ್ತದ ಗದ್ದೆ ಮಾಯ. ಇದು ಸುಳ್ಳಲ್ಲ, ಮೋಸವೂ ಅಲ್ಲ. ಹೊಳೆಯ ಆಚೆ ನಿಜಾಮ, ಈಚೆ ಮದ್ರಾಸು, ಎರಡೂ ಹೋದರೂ ಅಳತೆ ಹೋಗಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಜಿಲ್ಲೆ ಸೀಳಿತು. ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ, ಸಿರುಗುಪ್ಪ ಇತ್ತ ಮೈಸೂರಿಗೆ ಬಂದವು. ಹೊಲಗಳೇನೋ ಇದ್ದಲ್ಲೇ ಇದ್ದವು, ಕಾಗದಗಳಿಗೆ ಮಾತ್ರ ರಾಜ್ಯ ಬದಲಾಯಿತು. ಅದಕ್ಕೂ ಹಿಂದಿನ ಪತ್ರ ಬಿಚ್ಚಿದರೆ ಪಹಣಿ ಎಂಬ ಮಾತೇ ಸಿಗುವುದಿಲ್ಲ. ಅದರ ಜಾಗದಲ್ಲಿ ಅಡಂಗಲ್ ಇರುತ್ತದೆ, ಪಟ್ಟಾ ಇರುತ್ತದೆ. ತಾರೀಖಿನ ಜಾಗದಲ್ಲಿ ಕಂದಾಯದ ವರ್ಷ ಫಸಲಿ 1363 ಎಂದಿದ್ದರೆ ಓದಿದವನು ಹದಿನಾಲ್ಕನೇ ಶತಮಾನದ ಬುಕ್ಕರಾಯನ ದಾನಪತ್ರ ಸಿಕ್ಕಿತೆಂದು ಕುಣಿಯಬಾರದು. 590 ಕೂಡಿಸಿಕೊಳ್ಳಬೇಕು, ಅದು 1953-54ರ ಸಾಲು. ತೆಲುಗು ಅಕ್ಷರದ ಪತ್ರ ಹೊರಬಿದ್ದರೆ ಆದವಾನಿಯ ಬೀಗರನ್ನೋ ಮಾವನನ್ನೋ ಕರೆಸಬೇಕು. ಅವರಿಗೆ ಅಡಂಗಲ್ ಎಂದರೆ ಇವತ್ತಿಗೂ ಸಲೀಸು, ಆಂಧ್ರದ ಕಂಪ್ಯೂಟರಿನಲ್ಲಿ ಆ ಹೆಸರು ಹಾಗೇ ಇದೆ.

ಇದೆಲ್ಲವನ್ನೂ ಓದಬಲ್ಲ ಒಬ್ಬ ಮನುಷ್ಯ ಊರಲ್ಲಿದ್ದ. ಕರಣಂ. ಊರಿನ ಲೆಕ್ಕವೆಲ್ಲ ಅವನ ಕಂಕುಳಲ್ಲಿ. ಅವನು ಸಾಧು ಎಂದು ಅರ್ಜಿದಾರರು ವಾದಿಸುವುದಿಲ್ಲ. ಒಂದು ಸೊನ್ನೆ ಅತ್ತಿತ್ತ ಮಾಡಿ ಊರಿಗೆ ಊರನ್ನೇ ಕುಣಿಸಿದ ಕರಣಂಗಳ ಕತೆ ಪ್ರತಿ ಕಟ್ಟೆಯಲ್ಲೂ ಇದೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಆ ಹುದ್ದೆ ಹೋಯಿತು. ಒಳ್ಳೆಯದೇ ಆಯಿತು. ಹುದ್ದೆಯ ಜೊತೆ ಓದುವ ವಿದ್ಯೆಯೂ ಹೋಯಿತು, ಅದಕ್ಕೆ ಪೌತಿ ಖಾತೆ ಮಾಡಿಸಿಕೊಂಡ ವಾರಸುದಾರರು ಯಾರೂ ಇಲ್ಲ. ಈಗ ಆ ವಿದ್ಯೆ ಚೂರುಚೂರಾಗಿ ಪತ್ರ ಬರೆಯುವವರ ಟೇಬಲ್ಲಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ, ತಾಲ್ಲೂಕು ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಹಂಚಿಹೋಗಿದೆ. ಪ್ರತಿ ಚೂರಿಗೂ ಪ್ರತ್ಯೇಕ ದರ.

ಮುಂದೆ ತಮ್ಮ ಅವತಾರವಾಯಿತು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ಮುಟ್ಟಿದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೇರಿಸಿತು. ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ಹಿಡಿದುಕೊಂಡು ಬಂದ. ದೇಶವೇ ತಿರುಗಿ ನೋಡಿದ ಕೆಲಸವದು, ಅದರಲ್ಲಿ ಎರಡು ಮಾತಿಲ್ಲ. ಕೈಬರಹದ ಪಹಣಿಯಲ್ಲಿ ಅರ್ಥವಾಗದಿದ್ದದ್ದು ಈಗ ಅಚ್ಚಿನಲ್ಲಿ ಸ್ಪಷ್ಟವಾಗಿ ಅರ್ಥವಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಉದಾಹರಣೆಗೆ ಅಂಕಿಗಳನ್ನೇ ನೋಡೋಣ. ಕಚೇರಿಯ ಕಿಟಕಿಯಲ್ಲಿ 'ಒಂಬತ್ತು ತಗೊಂಡು ಬಾ' ಎಂದರು. ಯಾವ ಒಂಬತ್ತು? ಪಹಣಿಯ ಕಾಲಂ 9 ಎಂದರೆ ಒಡೆಯನ ಹೆಸರು. ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಎಂದರೆ ಊರೊಳಗಿನ ಮನೆ, ನಿವೇಶನ. ಹನ್ನೊಂದು ಎಂದರೆ? ಕಾಲಂ 11ರಲ್ಲಿ ಸಾಲಸೋಲ, ಋಣಗಳು. ನಮೂನೆ 11 ಮತ್ತೆ ಪಂಚಾಯಿತಿಯದು. 11-ಇ ನಕ್ಷೆ ಎಂದರೆ ಸರ್ವೆ ನಂಬರಿನಲ್ಲಿ ಒಂದು ತುಂಡು ಮಾರುವ ಮುಂಚೆ ಸರ್ವೇಯರ್ ಅಳೆದುಕೊಡುವ ಚಿತ್ರ. ಹದಿನಾರಂತೂ ಪುರಾಣ. ಪಹಣಿಯೇ ನಮೂನೆ 16. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ ಕೇಳಿದರೆ, ವ್ಯವಹಾರ ನಡೆದಿದ್ದಲ್ಲಿ ನಮೂನೆ 15, ಏನೂ ನಡೆದಿಲ್ಲದಿದ್ದಲ್ಲಿ ನಮೂನೆ 16. ಬೆಂಗಳೂರಿನ ಕಂಪನಿಯಲ್ಲಿ ದುಡಿಯುವ ಮಗನನ್ನು ಕೇಳಿದರೆ ಅವನು ಆದಾಯ ತೆರಿಗೆಯ ನಮೂನೆ 16 ಕಳಿಸುತ್ತಾನೆ. ಅಪ್ಪ ಮೂರನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತುತ್ತಾನೆ.

ಕ್ರಯಪತ್ರದ ಭಾಷೆ ಇನ್ನೊಂದು ಲೋಕ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು ಎಂದು ವಿಜಯನಗರದ ತಾಮ್ರಶಾಸನದ ಮಾತನ್ನೇ ಇವತ್ತಿನ ಡಿ.ಟಿ.ಪಿ. ಅಂಗಡಿಯವನೂ ಅಂಟಿಸುತ್ತಾನೆ. ಓದಿಸಿಕೊಂಡ ರೈತನಿಗೆ ಮೈ ಜುಮ್ಮೆನ್ನುತ್ತದೆ. ನಿಧಿ ಸಿಕ್ಕಿತೋ, ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಜಲವೆಂದರೆ ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ಬಿಟ್ಟ ದಿನ ಬಂದಷ್ಟು. ಪಾಷಾಣದ ಮಾತನ್ನು ಬಳ್ಳಾರಿ ಜಿಲ್ಲೆಯಲ್ಲಿ ಕೂತು ಆಡದಿರುವುದೇ ಕ್ಷೇಮ.

ಆದರೆ ಅದೇ ಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಎಂಬ ನಾಲ್ಕು ಸಾಲು ಇರುತ್ತವೆ: ಮೂಡಲಿಗೆ ಹುಣಸೆ ಮರ, ಪಡುವಲಿಗೆ ಹಳ್ಳ, ಬಡಗಲಿಗೆ ಬಂಡಿಜಾಡು, ತೆಂಕಲಿಗೆ ಇದೇ ನಂಬರಿನ ಪೈಕಿ ಜಮೀನು. ಓದುವವರು ನಗುತ್ತಾರೆ. ಮರ ಕಡಿದು ಮೂವತ್ತು ವರ್ಷವಾಗಿರುತ್ತದೆ, ಬಂಡಿಜಾಡು ಡಾಂಬರಾಗಿರುತ್ತದೆ. ನಗಬಾರದು. ವಿಸ್ತೀರ್ಣದ ಅಂಕಿಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೇ ಮಣೆ ಹಾಕುತ್ತವೆ. ಸತ್ತ ಹುಣಸೆ ಮರ ಬದುಕಿರುವ ಕಂಪ್ಯೂಟರನ್ನು ಗೆಲ್ಲಬಲ್ಲದು. ಹಾಗಿದ್ದೂ ಆ ನಾಲ್ಕು ಸಾಲು ಪಹಣಿಯ ಯಾವ ಕಾಲಮಿನಲ್ಲೂ ಇಲ್ಲ.

ಇಲ್ಲಿಗೆ ಅರ್ಜಿದಾರರ ಮುಖ್ಯ ಅಹವಾಲು ಬಂತು. ಪಹಣಿಯಲ್ಲಿ ಹೆಸರಿದ್ದವನೇ ಒಡೆಯ ಎಂದು ಇಡೀ ಹೋಬಳಿ ನಂಬಿದೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ಹೇಳುವುದು ಬೇರೆ: ನಮೂದು ತಪ್ಪೆಂದು ರುಜುವಾತಾಗುವವರೆಗೆ ಅದನ್ನು ನಿಜವೆಂದು ಭಾವಿಸತಕ್ಕದ್ದು. ಭಾವಿಸತಕ್ಕದ್ದು, ಅಷ್ಟೇ. ಮ್ಯುಟೇಶನ್ನಿನಿಂದ, ಅಂದರೆ ಖಾತೆ ಬದಲಾವಣೆಯಿಂದ, ಒಡೆತನ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿ, 1997ರಲ್ಲಿ ಮತ್ತೆ ಹೇಳಿತು. ಹಾಗಾದರೆ ಒಡೆತನ ಎಲ್ಲಿದೆ? ಒಂದು ಕಾಗದದಲ್ಲಿಲ್ಲ. ಮೂಲಪತ್ರದಲ್ಲಿ ಸ್ವಲ್ಪ, ಪಾಲುಪಟ್ಟಿಯಲ್ಲಿ ಸ್ವಲ್ಪ, ಇ.ಸಿ.ಯಲ್ಲಿ ಸ್ವಲ್ಪ, ಮ್ಯುಟೇಶನ್ನಿನಲ್ಲಿ ಅದರ ನೆರಳು, ಸರ್ವೆ ಟಿಪ್ಪಣಿಯಲ್ಲಿ ಅದರ ಆಕಾರ. ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ ಒಂದು ಕೊಂಡಿಯೂ ತಪ್ಪದಿದ್ದರೆ ಹೊಲ ತನ್ನದೆಂದು ನಿದ್ದೆ ಮಾಡಬಹುದು. ಪಹಣಿಯ ಕಾಲಂ 10ರಲ್ಲಿ ಎಂ.ಆರ್., ಅಂದರೆ ಮ್ಯುಟೇಶನ್ ರಿಜಿಸ್ಟರಿನ ನಂಬರು ಇರುವುದು ಈ ಕೊಂಡಿ ಹಿಡಿದು ಹಿಂದಕ್ಕೆ ನಡೆಯಲಿ ಎಂದೇ. ಆ ಮಾತನ್ನು ರೈತನಿಗೆ ಹೇಳಿದವರು ಯಾರು?

ಕಾಲಂ 9ರಲ್ಲಿ ಸಾವೆಂಬುದೂ ಇಲ್ಲ. ಅಜ್ಜ ತೀರಿಕೊಂಡು ತಿಥಿ ಇಪ್ಪತ್ತಾದರೂ ಅಲ್ಲಿ ಅವನು ಚಿರಂಜೀವಿ. ಅಂಥ ಪಹಣಿಗಳು ಲಕ್ಷಗಟ್ಟಲೆ ಇವೆಯೆಂದು ಸರಕಾರವೇ ಒಪ್ಪಿಕೊಂಡು ಇ-ಪೌತಿ ಆಂದೋಲನ ಹೂಡಿದೆ. 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳ ಹಳೇ ಕಡತಗಳು ಸ್ಕ್ಯಾನ್ ಆಗುತ್ತಿವೆ. ಇಲಿ, ಗೆದ್ದಲುಗಳಿಂದ ಕಡತ ಪಾರಾಯಿತು. ಇನ್ನು ಅದನ್ನು ಅರ್ಥವಾಗದಿರುವಿಕೆಯಿಂದ ಪಾರುಮಾಡುವುದಷ್ಟೇ ಬಾಕಿ.

ಆದಕಾರಣ ಅರ್ಜಿದಾರರ ಕೋರಿಕೆಗಳು ಇಷ್ಟು. ತಾವು ಯಾರೆಂದು ತಮ್ಮ ಪಕ್ಕದಲ್ಲೇ ಎರಡು ಕನ್ನಡ ಪದದಲ್ಲಿ ಬರೆದುಕೊಳ್ಳಬೇಕು. ಪಹಣಿಯ ಬೆನ್ನು ಖಾಲಿಯಿದೆ. ಅಲ್ಲಿ ಅ-ಖರಾಬು ಎಂದರೇನು, ಸರಕಾರದ ಬ-ಖರಾಬು ಎಂದರೇನು, ಪೈಕಿ ಎಂದರೇನು, ಬಿನ್, ಕೋಂ ಯಾರ ಭಾಷೆ ಎಂಬುದನ್ನು ಅಚ್ಚು ಹಾಕಬೇಕು. ಬಳ್ಳಾರಿ ಜಿಲ್ಲೆಯ ಪಹಣಿಯಲ್ಲಿ ವಿಸ್ತೀರ್ಣದ ಎದುರು ಸೆಂಟ್ಸ್ ಎಂದು ದಪ್ಪಕ್ಷರದಲ್ಲಿ ಹಾಕಿ ಮದುವೆಗಳನ್ನು ಉಳಿಸಬೇಕು. ಸ್ಕ್ಯಾನ್ ಮಾಡಿದ ಅಡಂಗಲ್ ಓದಿ ಹೇಳಬಲ್ಲ ಒಬ್ಬರನ್ನು ತಾಲ್ಲೂಕಿಗೊಬ್ಬರಂತೆ, ಕರಣಂಗಿರಿ ಇಲ್ಲದೆ, ಕೂರಿಸಬೇಕು.

ಅಲ್ಲಿಯವರೆಗೆ ಓದುಗರು ಒಂದು ಸಂಗತಿ ಗುರುತು ಹಾಕಿಕೊಳ್ಳಲಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ, ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಅರ್ಜಿ ಹಾಕಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಒಡೆಯನೇ ಆಗಿರಬೇಕಿಲ್ಲ, ಪರಿಚಯದವರ ಚೀಟಿಯೂ ಬೇಕಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಖಾತೆದಾರರು, ಹಚ್ಚೊಳ್ಳಿ ಹೋಬಳಿ.

ಪ್ರತಿ: ಅಶೋಕ ಚಕ್ರವರ್ತಿ, ನಿಟ್ಟೂರು ಬಂಡೆ — ಮಾಹಿತಿಗಾಗಿ.